ರಂಪಣಿಯ ಏಳು ನಾಯಿಗಳು

ಬಸ್ಸು ಕೆಡಬಹುದಿತ್ತು. ಕೆಡದಿದ್ದರೂ ಹಳದೀಪುರದಲ್ಲಿ ನಿಲ್ಲಿಸದೆ ಸೀದಾ ಕುಮಟೆಗೆ ಒಯ್ಯಬಹುದಿತ್ತು. ತೊಡೆಯ ಮೇಲಿನ ಥರ್ಮಾಸಿನಲ್ಲಿ ಐಸು ಕರಗಿ ಲಸಿಕೆ ಹಾಳಾಗಬಹುದಿತ್ತು. ಸೂಜಿ ಮುರಿಯಬಹುದಿತ್ತು, ಮುರಿದ ತುದಿ ನಾಯಿಯ ಮೈಯೊಳಗೇ ಉಳಿಯಬಹುದಿತ್ತು. ಮೀನುಗಾರರ ಮುಖಂಡ ತಾಂಡೇಲ ಇವತ್ತೇ ಎಂಬುದನ್ನು ಮರೆತು ಯಾರದೋ ಮದುವೆಗೆ ಹೋಗಿರಬಹುದಿತ್ತು. ಏಳು ನಾಯಿಗಳಲ್ಲಿ ಆರೇ ಸಿಗಬಹುದಿತ್ತು. ಎಂಟು ಸಿಕ್ಕರಂತೂ ಇನ್ನೂ ಕಷ್ಟ. ನಾಯಿಗಳೆಲ್ಲ ಸಿಕ್ಕಿ ಮನುಷ್ಯರೇ ಬಾರದಿರಬಹುದಿತ್ತು. ಬಂದವರು ಜಗಳ ಮಾಡಿಕೊಳ್ಳಬಹುದಿತ್ತು. ಜಗಳದಲ್ಲಿ ಯಾರಾದರೂ ನನ್ನ ಕನ್ನಡಕ ಒಡೆಯಬಹುದಿತ್ತು. ಬಂಗಡೆ ಎಂಬ ನಾಯಿ ನನ್ನನ್ನು ಮತ್ತೊಮ್ಮೆ ಕಚ್ಚಬಹುದಿತ್ತು.

ಇದಿಷ್ಟನ್ನೂ ಹಿಂದಿನ ದಿನ ಲಸಿಕೆಯ ಡೈರಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ನನ್ನ ಹೆಂಡತಿ ಅದನ್ನು ಪೂರ್ತಿ ಓದಿ, "ಭೂಕಂಪ ಬಿಟ್ಟುಹೋಗಿದೆ ನೋಡಿ" ಎಂದು ಡೈರಿ ವಾಪಸು ಕೊಟ್ಟಳು.

ಅದೊಂದು ಭಾನುವಾರ. ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಪಂಚಾಯ್ತಿಯ ಸೆಕ್ರೆಟರಿಯ ಮೇಜಿನ ಮೇಲೆ ಏಳು ಹೆಸರು ಇರಬೇಕಿತ್ತು, ಏಳು ನಾಯಿಗೆ ಏಳು ಯಜಮಾನರು. ಹೆಸರಿಲ್ಲದ ನಾಯಿಗೆ ಮಂಗಳವಾರ ವಿಷದ ಉಂಡೆ. ಆ ಏಳು ನಾಯಿಗಳಿಗೆ ಯಜಮಾನರು ಇರಲಿಲ್ಲ ಎಂದಲ್ಲ. ಇದ್ದ ಯಜಮಾನ ಹೋದ ವಾರವಷ್ಟೇ ಇಲ್ಲವಾಗಿದ್ದ.

ಪಟ್ಟಿಯಲ್ಲಿ ಬರೆದದ್ದು ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿರಲಿಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ಹಿಂದಿನದನ್ನು ಸ್ವಲ್ಪ ಹೇಳಬೇಕು. ಪಶು ಆಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರುವ ನಿಮ್ಮಂಥವರಿಗೆ ನನ್ನ ಬಡ್ತಿಯ ಕಥೆಗಿಂತ ನನ್ನ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬಂದಾವು. ಬಡ್ತಿ ಒಂದೇ ಸಲ ಆದದ್ದು.

ನಾನು ಸೇರಿದ್ದು ಭಟ್ಕಳದಲ್ಲಿ, ಕಂಪೌಂಡರ್ ಆಗಿ, ಎಪ್ಪತ್ತರ ದಶಕ ಶುರುವಾದ ಹೊಸತರಲ್ಲಿ. ಡಾಕ್ಟರು ಬರೆದ ಔಷಧ ಕಲೆಸಿ ಕೊಡುವುದು ಎಂದು ಆದೇಶದಲ್ಲಿತ್ತು. ಒದೆಯುವ ಎಮ್ಮೆಯ ಹಿಂಗಾಲು ಹಿಡಿಯುವುದು, ಹೋರಿಯ ಮೂಗುದಾರಕ್ಕೆ ಜೋತುಬೀಳುವುದು ಇವೆಲ್ಲ ಆದೇಶದಲ್ಲಿರಲಿಲ್ಲ. ಅವು ತಾವಾಗಿಯೇ ಬಂದವು. ನಾಯಿಯ ವಿಷಯದಲ್ಲಿ ಮಾತ್ರ ಆಗಿನ ಪದ್ಧತಿ ಸರಳ. ಯಾವುದೋ ಕೇರಿಯಲ್ಲಿ ಯಾರಿಗೋ ನಾಯಿ ಕಚ್ಚಿತು ಎಂದರೆ ನಮಗೊಂದು ಕಾಗದ ಬರುತ್ತಿತ್ತು: ಆ ಕೇರಿಯ ನಾಯಿಗಳಿಗೆ ಯಜಮಾನರಿದ್ದಾರೆಯೇ, ವಿಚಾರಿಸಿ ವರದಿ ಮಾಡುವುದು. ಇದ್ದ ನಾಯಿಗೆ ಕೊರಳಿಗೆ ಬೆಲ್ಟು, ಬೆಲ್ಟಿಗೆ ತಗಡಿನ ಬಿಲ್ಲೆ. ಇಲ್ಲದ್ದಕ್ಕೆ ಉಂಡೆ.

ನನ್ನ ಮೊದಲ ವರದಿಗೆ ಬಂದರು ರಸ್ತೆಯ ಒಂದು ಗಲ್ಲಿಗೆ ಹೋದೆ. ಇಸ್ತ್ರಿ ಅಂಗಿ, ಕೈಯಲ್ಲಿ ಸರಕಾರದ ಕಾಗದ. ಮನೆಮನೆಯ ಮುಂದೆ ನಿಂತು ಕೇಳಿದೆ, "ಈ ನಾಯಿ ನಿಮ್ಮದಾ?" ಕಾಗದ ಹಿಡಿದವನು ಬಾಗಿಲಲ್ಲಿ ನಿಂತು "ಇದು ನಿಮ್ಮದಾ" ಎಂದು ಕೇಳಿದರೆ ಯಾರು ಹೌದೆನ್ನುತ್ತಾರೆ? ಎಲ್ಲ ಮನೆಯಲ್ಲೂ "ಅಲ್ಲ". ಗಲ್ಲಿಯ ಕೊನೆಯಲ್ಲಿ ಒಂದು ಚಹಾದಂಗಡಿ. ಅದರ ಯಜಮಾನರು ನವಾಯತ ಸಾಬರು, ಬಿಳಿ ಗಡ್ಡದವರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರೂ ಸ್ವಲ್ಪ ಯೋಚಿಸಿ "ನಂದಲ್ಲ ಸಾಬ್" ಎಂದರು. ನಾನು ದುಂಡಗಿನ ಅಕ್ಷರದಲ್ಲಿ ಬರೆದೆ: "ವಿಚಾರಿಸಲಾಗಿ, ಸದರಿ ನಾಯಿಗಳು ಯಾರದ್ದೂ ಅಲ್ಲ." ಕೆಳಗೊಂದು ಗೆರೆ ಎಳೆದೆ. ಅಕ್ಷರ ಚೆನ್ನಾಗಿದೆ ಎಂದು ಮೇಲಿನವರು ಹೊಗಳಿದರು.

ನಾಲ್ಕು ದಿನ ಕಳೆದು ಚಾಚಾ ಆಸ್ಪತ್ರೆಗೆ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ರೊಟ್ಟಿ.

"ಸಾಬ್, ಕಂದು ಬಣ್ಣದ ನಾಯಿಯೊಂದು ಈ ಕಡೆ ಬಂತಾ? ಒಂದು ಕಾಲು ಎತ್ತಿ ನಡೀತದೆ. ಎರಡು ದಿನದಿಂದ ಅಂಗಡಿ ಹತ್ರ ಕಾಣ್ಲಿಲ್ಲ. ಕಾಲು ನೋವು ಜೋರಾಗಿ ಇಲ್ಲಿಗೆ ಬಂದಿರಬಹುದು ಅಂದ್ಕೊಂಡೆ."

ನಾಯಿ ತಾನಾಗಿ ಆಸ್ಪತ್ರೆಗೆ ಬರುತ್ತದೆ ಎಂದು ನಂಬುವಷ್ಟು ಅವರಿಗೆ ನಮ್ಮ ಮೇಲೆ ವಿಶ್ವಾಸ. "ನಾನು ಕೇಳಿದಾಗ ನಿಮ್ಮದಲ್ಲ ಅಂದಿರಲ್ಲ ಚಾಚಾ?" ಎಂದೆ.

"ನಂದಲ್ಲ ಅಲ್ವಾ ಸಾಬ್. ನಾವು ಮನೆಯೊಳಗೆ ನಾಯಿ ಇಟ್ಟುಕೊಳ್ಳೋದಿಲ್ಲ. ನಂದು ಅಂತ ಸುಳ್ಳು ಹೇಗೆ ಹೇಳಲಿ? ರೊಟ್ಟಿ ಯಾರು ಹಾಕ್ತೀರಿ ಅಂತ ಕೇಳಿದ್ರೆ ನಾನು ಅಂತ ಹೇಳ್ತಿದ್ದೆ." ತಟ್ಟೆಯ ಕಡೆ ನೋಡಿ, "ನೀವು ಅದನ್ನ ಕೇಳ್ಲಿಲ್ಲ" ಎಂದರು.

ಅವರು ಬೈಯಲಿಲ್ಲ. ರೊಟ್ಟಿಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲಿಟ್ಟು, ಬೇರೆ ಯಾವುದಾದರೂ ತಿನ್ನಲಿ ಎಂದು ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ನಿಮಗೆ ಹೇಳಬಹುದಾದ ಮೊದಲ ಮಾತು ಇದು. "ಇದು ಯಾರದು" ಎಂದು ಕೇಳಬೇಡಿ. "ಇದಕ್ಕೆ ಊಟ ಹಾಕುವವರು ಯಾರು" ಎಂದು ಕೇಳಿ. ಎರಡಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. ಊಟ ಹಾಕುವವರನ್ನು ಹಿಡಿದು ಕೂರಿಸಿ, ಬೆಲ್ಟಿನ ಮಾತು, ಲಸಿಕೆಯ ಮಾತು, ಮರಿಗಳ ಮಾತು ಆಮೇಲೆ ಆಡಿ.

ಭಟ್ಕಳದಿಂದ ಕುಮಟೆಗೆ ವರ್ಗವಾಯಿತು. ಒಳ್ಳೆಯ ಕೆಲಸ ಮಾಡಿ ಹಳೆಯ ಪಾಪ ತೊಳೆದುಕೊಳ್ಳುವ ಹುಮ್ಮಸ್ಸಿನಲ್ಲಿದ್ದೆ. ಇಂಥ ಹುಮ್ಮಸ್ಸಿನಲ್ಲಿರುವ ನೌಕರನಷ್ಟು ಅಪಾಯದವನು ಬೇರೆ ಯಾರೂ ಇಲ್ಲ. ಆಸ್ಪತ್ರೆಯ ಹಿತ್ತಿಲಲ್ಲಿ ಹಳೆಯ ದನದ ಕೊಟ್ಟಿಗೆಯೊಂದು ಖಾಲಿ ಇತ್ತು. ದಿಕ್ಕಿಲ್ಲದ ಬೆಕ್ಕು ನಾಯಿಗಳನ್ನು ಅಲ್ಲಿ ಇಟ್ಟು ಸಾಕೋಣ ಎಂದು ಡಾಕ್ಟರ ಕಿವಿ ಕೊರೆದು ಒಪ್ಪಿಗೆ ಪಡೆದೆ. ಡಾಕ್ಟರು ಘಟ್ಟದ ಮೇಲಿನವರು, ಹೆಚ್ಚು ಮಾತಿಲ್ಲದವರು. "ಮಾಡ್ರಿ, ನೋಡೋಣ" ಎಂದಷ್ಟೇ ಹೇಳಿದರು.

ಸುದ್ದಿ ಪೇಟೆಗೆ ಹಬ್ಬಿತು. ಕುಮಟೆಯಲ್ಲಿ ಮೊದಲು ಬೇಡದ ಬೆಕ್ಕಿನ ಮರಿಗಳನ್ನು ಚೀಲದಲ್ಲಿ ಕಟ್ಟಿ, ದೋಣಿ ಹತ್ತಿಸಿ ಅಘನಾಶಿನಿ ಹೊಳೆಯ ಆಚೆ ದಡಕ್ಕೆ ಬಿಟ್ಟುಬರುತ್ತಿದ್ದರು. ನೀರು ದಾಟಿದ ಬೆಕ್ಕು ಮನೆ ಹುಡುಕಿಕೊಂಡು ಬರುವುದಿಲ್ಲ ಎಂಬ ಲೆಕ್ಕ. ಈಗ ಹೊಳೆ ದಾಟುವ ಶ್ರಮ ತಪ್ಪಿತು. ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಚೀಲ, ಗೇಟಿಗೆ ಕಟ್ಟಿದ ಮುದಿ ನಾಯಿ, ಬುಟ್ಟಿಯಲ್ಲಿ ಕಣ್ಣು ಬಿಡದ ಮರಿ. ಒಬ್ಬರು ನಗುನಗುತ್ತಲೇ ಬಂದು, "ನಿಮ್ಮದು ಪುಣ್ಯದ ಕೆಲಸ ಕಂಪೌಂಡ್ರೆ, ಇನ್ನೂ ನಾಲ್ಕು ಮರಿ ಉಂಟು, ನಾಳೆ ತರ್ತೆ" ಎಂದು ಉಪಕಾರ ಮಾಡುವವರಂತೆ ಹೇಳಿದರು. ಒಂದು ತಿಂಗಳಲ್ಲಿ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದಕ್ಕೆ ಬಂದ ಭೇದಿ ಎಲ್ಲಕ್ಕೂ ಹತ್ತಿತು. ನಾನು ಎಷ್ಟು ಗಾಬರಿಯಾಗಿದ್ದೆನೆಂದರೆ, ಸೂಜಿ ಕುದಿಸುವ ಪಾತ್ರೆಯಲ್ಲಿ ನನ್ನ ಪೆನ್ನಿನ ಮುಚ್ಚಳವನ್ನೂ ಹಾಕಿ ಕುದಿಸಿದ್ದೆ.

ಆ ಮುಚ್ಚಳದ ಚಟ ಹೇಳಿಬಿಡುತ್ತೇನೆ. ಮುಚ್ಚಳವನ್ನು ಪೆನ್ನಿನ ಹಿಂಬದಿಗೆ ಸಿಕ್ಕಿಸಿದರೆ ಸೀಳು ಬಿಡುತ್ತದೆ ಎಂದು ಚಿಕ್ಕಂದಿನಲ್ಲಿ ಯಾರೋ ಹೆದರಿಸಿದ್ದರು. ಅಂದಿನಿಂದ ಬರೆಯುವಾಗ ಅದನ್ನು ಹತ್ತಿರ ಸಿಕ್ಕ ಪಾತ್ರೆಯೊಳಗೆ ಹಾಕಿಡುವುದು ಅಭ್ಯಾಸ. ಚಹಾದ ಕಪ್ಪಿನಲ್ಲಿ ಹಾಕಿದ್ದೂ ಇದೆ.

ಡಾಕ್ಟರು ಇಕ್ಕಳದಿಂದ ಮುಚ್ಚಳ ಎತ್ತಿ ನನ್ನ ಅಂಗೈ ಮೇಲಿಟ್ಟರು. ಆಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದರು: "ಇಲ್ಲಿಗೆ ಬರೋ ದಾರಿ ಅಷ್ಟೇ ಮಾಡೀರಿ. ಹೋಗೋ ದಾರಿ ಎಲ್ಲೈತ್ರಿ? ತಂದು ಬಿಟ್ಟವ ಮನೆಗೆ ಹೋಗಿ ಆರಾಮಾಗಿ ಮಲಗ್ತಾನ. ಅವನ ಜವಾಬ್ದಾರಿ ನೀವು ಪುಕ್ಕಟೆ ತೊಗೊಂಡ್ರಿ." ಬದುಕಿದ ಮರಿಗಳಿಗೆಲ್ಲ ಮನೆ ಹುಡುಕುವಷ್ಟರಲ್ಲಿ ನನ್ನ ಚಪ್ಪಲಿ ಸವೆಯಿತು. ಬದುಕದವುಗಳ ಮಾತು ಇಲ್ಲಿ ಬೇಡ. ಕೊಟ್ಟಿಗೆಗೆ ಬೀಗ ಬಿತ್ತು.

ಮುಂದಿನ ವರ್ಗ ಹೊನ್ನಾವರಕ್ಕೆ. ಅಷ್ಟರಲ್ಲಿ ನನಗೆ ನಡುವಯಸ್ಸು, ಸಣ್ಣ ಬೊಜ್ಜು, ದೊಡ್ಡ ಚಿಂತೆ. ಹಳದೀಪುರದಲ್ಲಿಳಿದು ಸಮುದ್ರದ ಕಡೆ ನಡೆದರೆ ಸಿಗುವ ಒಂದು ಮೀನುಗಾರರ ಕೇರಿಯಿಂದ ದೂರು ಬಂತು: ದಡದಲ್ಲಿ ನಾಯಿಗಳ ಹಿಂಡು ಇದೆ, ವಿಚಾರಿಸಿ ವರದಿ ಮಾಡುವುದು. ಕೇರಿಯ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ನಗುತ್ತಾರೆ.

ಆ ಕೇರಿಯವರದು ರಂಪಣಿ ಮೀನುಗಾರಿಕೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ರಂಪಣಿ ಎಂದರೆ ದಡದಿಂದ ಎಳೆಯುವ ಬಹಳ ಉದ್ದದ ಬಲೆ. ಒಬ್ಬರ ಸ್ವತ್ತಲ್ಲ. ಮನೆಗೊಂದು ತುಂಡಿನಂತೆ ಬಲೆ ತಂದು ಜೋಡಿಸಿ, ಎಲ್ಲರೂ ಸೇರಿ ಎಳೆದು, ಬಂದ ಮೀನನ್ನು ಪಾಲು ಮಾಡಿಕೊಳ್ಳುವುದು. ಇವರ ಮುಖಂಡ ದುರ್ಗಯ್ಯ ತಾಂಡೇಲ. ತಾಂಡೇಲ ಎಂದರೆ ಬಲೆ ಯಾವಾಗ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವವನು. ಅವನ ಮಾತಿಗೆ ಎದುರಿಲ್ಲ. ಬಲೆ ಇಡುವ, ತೆಂಗಿನ ಮಡಲು ಹೊದೆಸಿದ ಚಪ್ಪರದ ನೆರಳಲ್ಲಿ ಅವನು ಬೀಡಿ ಸೇದುತ್ತ ಕೂತಿದ್ದ. ಸುತ್ತ ಏಳು ನಾಯಿ.

ಭಟ್ಕಳದ ಪಾಠ ನೆನಪಿತ್ತು. "ತಾಂಡೇಲರೇ, ಇವಕ್ಕೆ ಊಟ ಹಾಕುವವರು ಯಾರು?" ಎಂದೆ.

"ಯಾರೂ ಹಾಕೂದಿಲ್ಲ."

ನನ್ನ ಹೊಸ ಪದ್ಧತಿ ಮೊದಲ ಪ್ರಶ್ನೆಗೇ ಮಗುಚಿತು. "ಮತ್ತೆ ಹೊಟ್ಟೆಗೆ?"

"ಪಾಲು ತಕಂತವೆ."

"ಪಾಲಾ?"

"ಹೌದಲ್ರಾ. ನಮ್ ಬಲೆ ಕಾಯ್ತವೆ, ಒಣಗೂಕೆ ಹಾಕಿದ್ ಮೀನಿಗೆ ಕಾಕೆ ಮುಟ್ಟೂಕೆ ಬಿಡೂದಿಲ್ಲ. ಕೆಲಸ ಮಾಡ್ದವ್ರಿಗೆ ಪಾಲು ಇಲ್ದೇ ಹೋದ್ರೆ ಹೆಂಗೆ?"

ಆ ದಿನ ಬಲೆ ಎಳೆದದ್ದನ್ನು ನಿಂತು ನೋಡಿದೆ. ಮೀನನ್ನು ಮರಳಿನ ಮೇಲೆ ರಾಶಿ ರಾಶಿಯಾಗಿ ಸುರಿದರು. ಪಾಲುದಾರರೆಲ್ಲ ಒಂದು ಮಡಕೆಯೊಳಗೆ ತಮ್ಮ ತಮ್ಮ ಗುರುತು ಹಾಕಿದರು. ಒಬ್ಬ ಅಡಿಕೆ, ಒಬ್ಬ ಕವಡೆ, ಇನ್ನೊಬ್ಬ ಅಂಗಿಯ ಗುಂಡಿ. ತಾಂಡೇಲ ಕೈ ಹಾಕಿ ಗುರುತು ಎಣಿಸಿದ, ಒಳಗೆ ನೋಡುವಂತಿಲ್ಲ. ಆಮೇಲೆ ಪಾಲಿಲ್ಲದ ಒಬ್ಬನನ್ನು ಕರೆದರು, ದಾರಿಯಲ್ಲಿ ಹೋಗುತ್ತಿದ್ದ ತೆಂಗಿನಕಾಯಿ ಕೊಯ್ಯುವವನನ್ನು. ಅವನು ಮುಖ ಆಚೆ ತಿರುಗಿಸಿ ಒಂದೊಂದೇ ಗುರುತು ತೆಗೆದು ಒಂದೊಂದು ರಾಶಿಯ ಮೇಲಿಟ್ಟ. ಯಾವ ರಾಶಿಯ ಮೇಲೆ ನಿಮ್ಮ ಗುರುತೋ ಅದು ನಿಮ್ಮದು. ದೊಡ್ಡದು ಸಣ್ಣದು ಎನ್ನುವ ಹಾಗಿಲ್ಲ, ಬೇಡ ಎನ್ನುವ ಹಾಗಂತೂ ಇಲ್ಲವೇ ಇಲ್ಲ. ಪಕ್ಕದಲ್ಲಿ ಒಂದು ಸಣ್ಣ ಬುಟ್ಟಿ ಮೀನು ಬೇರೆಯಾಗಿ ಇತ್ತು. ನಾಯಿಗಳು ಅದರ ಸುತ್ತ ಶಿಸ್ತಾಗಿ ಕೂತಿದ್ದವು. ನಮ್ಮ ಇಲಾಖೆಯ ಸಭೆಗಳಲ್ಲಿ ಚಹಾ ಬಂದಾಗಲೂ ಅಷ್ಟು ಶಿಸ್ತು ಕಂಡದ್ದಿಲ್ಲ.

ಯಜಮಾನರು ಎಂಬಲ್ಲಿ ನಾನು "ರಂಪಣಿ" ಎಂದು ಬರೆದೆ. ಸೆಕ್ರೆಟರಿ ಕನ್ನಡಕ ಏರಿಸಿ ನೋಡಿ, ಗೊಣಗಿ, ಏಳು ಬಿಲ್ಲೆ ಕೊಟ್ಟರು.

ವರ್ಷಕ್ಕೊಮ್ಮೆ ನಾನು ಲಸಿಕೆ ಒಯ್ಯುತ್ತಿದ್ದೆ. ಐಸಿಗಾಗಿ ಮೀನಿನ ಐಸ್ ಫ್ಯಾಕ್ಟರಿಗೇ ಹೋಗಬೇಕಾಗಿದ್ದರಿಂದ ನನ್ನ ಥರ್ಮಾಸು, ಚೀಲ, ಕೊನೆಗೆ ನಾನೂ ಬಂಗಡೆ ಮೀನಿನ ವಾಸನೆ ಹೊಡೆಯುತ್ತಿದ್ದೆವು. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು; ದಡದಲ್ಲಿ ನಾಯಿಗಳು ಓಡಿ ಬರುತ್ತಿದ್ದವು. ಒಂದನ್ನು ಬಿಟ್ಟು. ಅದರ ಹೆಸರೇ ಬಂಗಡೆ. ಬೂದು ಬಣ್ಣದ, ಒಂದು ಕಿವಿ ಹರಿದ ಹೆಣ್ಣುನಾಯಿ. ನನ್ನನ್ನು ಕಂಡ ಕೂಡಲೇ ದೋಣಿಯ ಅಡಿಗೆ ಹೋಗಿ ಗುರ್ ಎನ್ನುತ್ತಿತ್ತು. ಮೂರನೆಯ ವರ್ಷ ಅದನ್ನು ಎಳೆಯಲು ಹೋಗಿ ಮುಂಗೈಗೆ ಕಚ್ಚಿಸಿಕೊಂಡೆ.

"ಹೆದ್ರೂದು ಎಂತಕೆ? ನೀವೇ ಸೂಜಿ ಹಾಕಿದ್ ನಾಯಿ ಅಲ್ದಾ?" ಎಂದಳು ದೇವಕ್ಕ. ಇವಳು ತಾಂಡೇಲನ ಅಕ್ಕ. ಹಳದೀಪುರದ ಮನೆಮನೆಗೆ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಮಾರುವವಳು. ನಾನೇ ಹಾಕಿದ್ದು, ಅದೇ ನನ್ನ ಚಿಂತೆ. ಬೇರೆ ಯಾರಾದರೂ ಹಾಕಿದ ಲಸಿಕೆಯಾಗಿದ್ದರೆ ನಂಬುತ್ತಿದ್ದೆ. ಹೊನ್ನಾವರದ ಆಸ್ಪತ್ರೆಯಲ್ಲಿ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತೆಗೆದುಕೊಂಡೆ. ಬಂಗಡೆಗೆ ಏನೂ ಆಗಿರಲಿಲ್ಲ. ಮುಂದಿನ ವರ್ಷ ನಾನು ಬದುಕಿ ಬಂದದ್ದು ನೋಡಿ ಅದಕ್ಕೆ ಬೇಸರವಾದಂತೆ ಕಂಡಿತು.

ಕುಮಟೆಯಲ್ಲಿ ಬೀಗ ಹಾಕಿದ ಕೊಟ್ಟಿಗೆಗೆ ಉತ್ತರ ನನಗೆ ಸಿಕ್ಕಿದ್ದು ಆ ಚಪ್ಪರದಲ್ಲಿ. ದಡದಲ್ಲಿ ನಾಯಿಗಳಿಗೆ ಮೀನು ಸಿಗುತ್ತದೆ ಎಂದು ತಿಳಿದ ಯಾರೋ ಒಂದು ಗೋಣಿಚೀಲದಲ್ಲಿ ಐದು ಮರಿ ಕಟ್ಟಿ ಚಪ್ಪರದ ಪಕ್ಕ ಇಟ್ಟುಹೋದರು. ನಾನಾಗಿದ್ದರೆ ಮರಿಗಳನ್ನು ಎತ್ತಿಕೊಂಡು ಚಿಂತೆಗೆ ಕೂರುತ್ತಿದ್ದೆ. ದೇವಕ್ಕ ಮರಿಗಳನ್ನು ನೋಡಲಿಲ್ಲ, ಚೀಲ ನೋಡಿದಳು. ಚೀಲಕ್ಕೆ ಹಾಕಿದ ನೀಲಿ ದಾರದ ತೇಪೆಯನ್ನು ಅವಳು ಒಂದು ಮನೆಯ ಹಿತ್ತಿಲಲ್ಲಿ ದಿನಾ ನೋಡುತ್ತಿದ್ದಳು. ಐದೂ ಮರಿಗಳನ್ನು ಮೀನುಬುಟ್ಟಿಯಲ್ಲಿ ಮಲಗಿಸಿ, ತಲೆಯ ಮೇಲಿಟ್ಟು ನಡೆದಳು. ಕುತೂಹಲ ತಡೆಯದೆ ನಾನೂ ಹಿಂದೆ ಹೋದೆ.

ಮನೆಯೊಡತಿ ಮೀನು ಬಂತೆಂದು ತಟ್ಟೆ ಹಿಡಿದು ಬಂದರು. ದೇವಕ್ಕ ಬುಟ್ಟಿ ಇಳಿಸಿ ಎಲೆ ಸರಿಸಿದಳು.

"ಅಮಾ, ಇವತ್ತಿನ ಮೀನು ಕುಂಯ್ ಅಂತದೆ ನೋಡಿ."

ಆ ತಾಯಿಯ ಮುಖ ನೋಡಬೇಕಿತ್ತು. "ಅದು… ನಮ್ಮದಲ್ಲ ಮಾರಾಯ್ತಿ."

"ಮರಿ ನಿಮ್ದಲ್ಲ ಅಂದ್ರೆ ಆತು. ಚೀಲ ನಿಮ್ದೇ ಹೌದಲ್ದಾ? ಚೀಲ ಕೊಟ್ಟು ಹೋಗೂಕೆ ಬಂದೆ. ಅದ್ರೊಳಗಿದ್ದದ್ದು ಎಂತ ಮಾಡೂದು ನೀವೇ ಹೇಳಿ."

ಒಳಗಿಂದ ತಾಯಿ ನಾಯಿ ಓಡಿ ಬಂದು ಬುಟ್ಟಿಗೆ ಮೂಗು ತೂರಿಸಿತು. ಇನ್ನು ವಾದವೇ ಉಳಿಯಲಿಲ್ಲ. ಆ ಮನೆಯವರು ಕೆಟ್ಟವರಲ್ಲ. ಎರಡು ತಿಂಗಳು ಬಿಟ್ಟು ಮಗಳ ಬಾಣಂತನ, ಮನೆ ತುಂಬ ಜನ, ಏನು ಮಾಡಬೇಕೆಂದು ತಿಳಿಯದೆ ಮಾಡಿದ ಕೆಲಸ. ಕೊನೆಗೆ ದೇವಕ್ಕನೇ ತೀರ್ಮಾನ ಹೇಳಿದಳು. ಹಾಲು ಬಿಡುವವರೆಗೆ ಮರಿಗಳು ತಾಯಿಯ ಹತ್ತಿರ. ಆಮೇಲೆ ಬಾಣಂತನ ಮುಗಿಯುವವರೆಗೆ ಚಪ್ಪರದಲ್ಲಿ. ಆದರೆ ವಾರಕ್ಕೆರಡು ಸಲ ಈ ಮನೆಯಿಂದ ಗಂಜಿ ಬರಬೇಕು, ತರುವವರು ಅರ್ಧ ಗಂಟೆ ಕೂತು ಹೋಗಬೇಕು, ಮರಿಗಳಿಗೆ ಮನೆ ಹುಡುಕುವ ಕೆಲಸ ಅವರದೇ. ಗಂಜಿ ತರುವವರು ಮನೆಯ ಯಜಮಾನರೇ ಆದರು. ಮರಿಗಳ ಜೊತೆ ಕೂತು ಕೂತು, ಐದರಲ್ಲಿ ಎರಡನ್ನು ಅವರೇ ಇಟ್ಟುಕೊಂಡರು.

ಅಲ್ಲಿಂದ ಚಪ್ಪರದ ನಿಯಮ ಅದೇ ಆಯಿತು: ತಂದು ಇಡಬಹುದು, ಬಿಟ್ಟು ಹೋಗುವಂತಿಲ್ಲ. ಡಾಕ್ಟರು ಕೇಳಿದ ಹೋಗುವ ದಾರಿ ಅದು. ಕಟ್ಟಡ, ಬೋರ್ಡು, ಉದ್ಘಾಟನೆ ಯಾವುದೂ ಇಲ್ಲದೆ ನಡೆದ ಆ ಆಸರೆ ತುಂಬಿ ತುಳುಕಿದ್ದನ್ನು ನಾನು ಯಾವತ್ತೂ ಕಾಣಲಿಲ್ಲ.

ಆಮೇಲೆ ಪರ್ಸಿನ್ ಬೋಟುಗಳು ಬಂದವು. ಇಂಜಿನ್ ಹಾಕಿದ ದೊಡ್ಡ ಬೋಟು, ದಡಕ್ಕೆ ಬರುವ ಮೀನನ್ನು ನಡುನೀರಿನಲ್ಲೇ ಸುತ್ತುಗಟ್ಟುವ ಬಲೆ. ರಂಪಣಿಯವರು ದಡದಲ್ಲಿ ನಿಂತು ನೀರು ನೋಡುತ್ತ ಒಂದು ಹಂಗಾಮು ಕಳೆದರು, ಎರಡು ಕಳೆದರು. ತಾಂಡೇಲನ ಸ್ವಂತ ತಮ್ಮ ಈಶ್ವರನೇ ಪರ್ಸಿನ್ ಬೋಟಿಗೆ ಕೆಲಸಕ್ಕೆ ಹೋದ. ಕೊನೆಗೊಂದು ದಿನ ಬಲೆ ಬಿಚ್ಚಿ, ಅವರವರ ತುಂಡು ಅವರವರಿಗೆ ಎಂದು ಹಂಚಿಕೊಂಡರು. ಅಷ್ಟು ಉದ್ದದ ಬಲೆ ಮಧ್ಯಾಹ್ನದೊಳಗೆ ಇಲ್ಲವಾಯಿತು.

ಆ ವಾರವೇ ಪಕ್ಕದ ಊರಲ್ಲಿ ಯಾರಿಗೋ ನಾಯಿ ಕಚ್ಚಿತು. ಸೆಕ್ರೆಟರಿ ಪುಸ್ತಕ ತೆರೆದು ನನಗೆ ತೋರಿಸಿದರು. "ಯಜಮಾನರು: ರಂಪಣಿ. ಎಲ್ಲಿದೆ ನಿಮ್ಮ ರಂಪಣಿ? ಈಗ ಇವು ಯಾರದ್ದೂ ಅಲ್ಲ." ನನ್ನದೇ ಮಾತು, ಭಟ್ಕಳದಿಂದ ನಡೆದುಕೊಂಡು ಬಂದಂತಿತ್ತು. ಕೈಕಾಲು ಹಿಡಿದು ಸೋಮವಾರದವರೆಗೆ ಸಮಯ ಕೇಳಿದೆ.

ಹೀಗೆ ಆ ಭಾನುವಾರ ಬಸ್ಸು ಕೆಡದೆ, ಐಸು ಕರಗದೆ, ನಾನು ದಡಕ್ಕೆ ಹೋದೆ. ತಾಂಡೇಲ ಮದುವೆಗೆ ಹೋಗಿರಲಿಲ್ಲ. ಏಳೂ ನಾಯಿಗಳನ್ನು ತೆಂಗಿನ ಹಗ್ಗದಿಂದ ದೋಣಿಯ ಪಕ್ಕಕ್ಕೆ ಸಾಲಾಗಿ ಕಟ್ಟಿದ್ದ. ಬಂಗಡೆ ಸಾಲಿನ ಕೊನೆಯಲ್ಲಿ, ನನಗೆ ಬೆನ್ನು ತಿರುಗಿಸಿ ಕೂತಿತ್ತು.

"ಯಾರಿಗೆ ಯಾವುದು ಬೇಕೋ ಆರಿಸಿಕೊಳ್ಳಲಿ" ಎಂದೆ.

"ಆರ್ಸೂಕೆ ಬಿಟ್ರೆ ಬಂಗಡೆ ಉಳೀತದೆ" ಎಂದ ತಾಂಡೇಲ. "ಮುದಿ ನಾಯಿ ಯಾರು ಆರಿಸ್ತ್ರು? ಪಾಲು ಹಾಕ್ವಾ. ಪಾಲಲ್ಲಿ ಉಳೂದು ಅಂಬುದಿಲ್ಲ."

ಚಪ್ಪರದಿಂದ ಮಡಕೆ ತಂದಿಟ್ಟ. ನಾನು ಅದರ ಪಕ್ಕ ಮರಳಿನಲ್ಲಿ ಕೂತು ಕಾಗದ ಬಿಚ್ಚಿದೆ. ಜನ ಬಂದರು; ದೂರ ನಿಂತರು. ನಾನು ಭಾಷಣ ಮಾಡಿದೆ. ನಾಯಿ ತೆಗೆದುಕೊಳ್ಳುವುದೆಂದರೆ ಹಗ್ಗ ಕಟ್ಟಿ ಮರೆಯುವುದಲ್ಲ, ವರ್ಷಕ್ಕೊಮ್ಮೆ ಸೂಜಿ, ದಿನಾ ನೀರು, ಮರಿಯಾದರೆ ಹೊಳೆ ದಾಟಿಸುವಂತಿಲ್ಲ, ಮುದಿಯಾದರೆ ಓಡಿಸುವಂತಿಲ್ಲ, ಯಾರು ಬಂದು ಕೇಳಿದರೂ ನಂದು ಎಂದು ಹೇಳಬೇಕು. ಭಾಷಣ ಮುಗಿಯುವಾಗ ಜನ ಇನ್ನೂ ಎರಡು ಹೆಜ್ಜೆ ಹಿಂದೆ ಹೋಗಿದ್ದರು.

ದೇವಕ್ಕ ಸೊಂಟಕ್ಕೆ ಕೈಯಿಟ್ಟಳು. "ಬಲೆ ಪಾಲು ತಕಂಬೂಕೆ ಎಲ್ರೂ ಓಡಿ ಬಂದ್ರಿ. ನಾಯಿ ಪಾಲಿಗೆ ಕಾಲು ನೋವು ಬಂತನ್ರಾ?" ಎಂದು ಹೇಳಿ ಮೊದಲ ಕವಡೆ ಮಡಕೆಗೆ ಹಾಕಿದಳು. ತಾಂಡೇಲ ಅರ್ಧ ಸೇದಿದ ಬೀಡಿ ನಂದಿಸಿ ಅದನ್ನೇ ಗುರುತಾಗಿ ಹಾಕಿದ. ನಾಚಿಕೆಯಿಂದಲೋ ನಗುವಿನಿಂದಲೋ ಒಬ್ಬೊಬ್ಬರೇ ಬಂದರು: ಅಡಿಕೆ, ಗುಂಡಿ, ಬಲೆಯ ಸೀಸದ ಗುಂಡು, ಬೆಂಕಿಪೆಟ್ಟಿಗೆ. ಬಂದವರ ಹೆಸರನ್ನು ನಾನು ಬರೆಯುತ್ತ ಹೋದೆ. ಆರಾಯಿತು.

"ಏಳನೇದು ಈಶ್ವರನದು" ಎಂದ ತಾಂಡೇಲ. "ಬೋಟಿಗೆ ಹೋಪ್ದರೊಳಗೆ ಬಂದು ಗುರುತು ಹಾಕ್ತೆ ಅಂದಿದ್ದ." ದಾರಿ ನೋಡಿದೆವು. ಬಿಸಿಲೇರಿತು. ಬರೆದ ಆರು ಹೆಸರನ್ನೇ ನಾನು ಮತ್ತೆ ಮತ್ತೆ ಎಣಿಸಿದೆ. ತಾಂಡೇಲ ಸುಮ್ಮನೆ ಮಡಕೆಯೊಳಗೆ ಕೈ ಹಾಕಿ ಎಣಿಸಿದ. ಅವನ ಹುಬ್ಬು ಮೇಲೇರಿತು.

"ಏಳು ಉಂಟಲ್ರಾ! ನಾವು ನಾಯಿ ಕಟ್ತಾ ಇಪ್ಪಗ ಚಪ್ಪರಕ್ಕೆ ಬಂದು ಹಾಕಿ ಹೋಗಿರ್ಬೇಕು."

ತಮ್ಮ ಬಂದಿದ್ದ ಎಂಬುದಕ್ಕೆ ಅವನ ಮುಖದಲ್ಲಿ ಕಂಡ ಸಮಾಧಾನ ನೋಡಿ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. "ಬನ್ನಿ ಕಂಪೌಂಡ್ರೆ, ಪಾಲಿಲ್ದವ್ರು ನೀವೊಬ್ರೇ. ತೆಗೀರಿ" ಎಂದ.

ಮುಖ ಸಮುದ್ರದ ಕಡೆ ತಿರುಗಿಸಿ ತೆಗೆದೆ. ಮೊದಲ ನಾಯಿಯ ಮುಂದೆ ಸೀಸದ ಗುಂಡು. ಎರಡನೆಯದಕ್ಕೆ ಅಡಿಕೆ. ಬೀಡಿ, ಗುಂಡಿ, ಬೆಂಕಿಪೆಟ್ಟಿಗೆ. ಆರನೆಯದಕ್ಕೆ ದೇವಕ್ಕನ ಕವಡೆ. ಒಂದೊಂದು ಗುರುತಿಗೂ ಒಂದೊಂದು ನಗು, ಒಂದೊಂದು ಲಸಿಕೆ, ಒಂದೊಂದು ಹಗ್ಗ ಬಿಚ್ಚಿ ಒಂದೊಂದು ಮನೆಯವರ ಕೈಗೆ. ಉಳಿದದ್ದು ಬಂಗಡೆ. ಕೊನೆಯ ಸಲ ಮಡಕೆಯೊಳಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ನುಣುಪಾಗಿತ್ತು. ಉದ್ದಕ್ಕೆ, ಒಂದು ತುದಿ ತೆರೆದು, ಬದಿಗೊಂದು ಸಣ್ಣ ಕ್ಲಿಪ್ಪು.

ಕೈ ಅಲ್ಲೇ ಇಟ್ಟುಕೊಂಡು ನಿಂತೆ.

"ಎಂತ ಆತು ಕಂಪೌಂಡ್ರೆ, ಏಡಿ ಕಚ್ತಾ?" ಎಂದಳು ದೇವಕ್ಕ.

ಹೊರಗೆ ತೆಗೆದೆ. ಎಲ್ಲರೂ ನೋಡಿದರು. "ಇದು ಗುರುತಲ್ಲ, ನನ್ನ ಪೆನ್ನಿನ…" ಎಂದೆ.

"ಮಡಕೆಯೊಳಗಿಂದ ಬಂದದ್ದು ಹೌದಾ ಅಲ್ದಾ?" ತಾಂಡೇಲ ಕೇಳಿದ.

"ಹೌದು."

"ಅದು ನಿಮ್ದಾ ಅಲ್ದಾ?"

ನನ್ನಲ್ಲಿ ಕಾರಣಗಳಿಗೆ ಕೊರತೆಯಿರಲಿಲ್ಲ. ಬಾಡಿಗೆ ಮನೆ. ಹೆಂಡತಿಗೆ ಉಬ್ಬಸ. ಯಾವಾಗ ಬೇಕಾದರೂ ವರ್ಗವಾಗಬಹುದು. ಇಷ್ಟು ವರ್ಷ ಊರಿಗೆಲ್ಲ ಹೇಳುತ್ತ ಬಂದ ನಾನು ಒಂದು ನಾಯಿಯನ್ನೂ ಸಾಕಿರಲಿಲ್ಲ. ಸಾಕಿದರೆ ಸಾಯುತ್ತದಲ್ಲ ಎಂಬ ಚಿಂತೆ. ನಂದಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಯಿ ತೆರೆದರೆ ಹೊರಬೀಳುತ್ತಿತ್ತು, ಎಲ್ಲರೂ ನಕ್ಕು ಬಿಟ್ಟುಬಿಡುತ್ತಿದ್ದರು, ಮಂಗಳವಾರ ಬರುತ್ತಿತ್ತು. ಭಟ್ಕಳದಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಂತವರ ಮುಖ ನೆನಪಾಯಿತು.

"ನಂದು" ಎಂದೆ.

"ಮತ್ತೆಂತ ನೋಡೂದು? ಬರೀರಿ. ಊರವ್ರ ಹೆಸರೆಲ್ಲ ಬರಿಯೂಕೆ ಬತ್ತದೆ, ನಿಮ್ ಹೆಸರು ಬರಿಯೂಕೆ ಬತ್ತಿಲ್ವಾ?" ಎಂದ ತಾಂಡೇಲ.

ಏಳನೆಯ ಸಾಲಿನಲ್ಲಿ ಬರೆದೆ. ಅಕ್ಷರ ದುಂಡಗೆ ಬರಲಿಲ್ಲ.

ಈಶ್ವರ ಆ ದಿನ ಬಂದಿರಲೇ ಇಲ್ಲ, ಬೋಟು ಬೇಗ ಹೊರಟಿತ್ತು ಎಂದು ಆಮೇಲೆ ತಿಳಿಯಿತು. ಮುಂದಿನ ವಾರ ತಾನೇ ಹೊನ್ನಾವರಕ್ಕೆ ಬಂದು, ಬಂಗಡೆಯನ್ನು ತಾನು ಒಯ್ಯುತ್ತೇನೆ ಎಂದ. ಅಷ್ಟರಲ್ಲಿ ಅದು ನಮ್ಮ ಮೆಟ್ಟಿಲ ಮೇಲೆ ನನ್ನ ಹೆಂಡತಿಯ ಸೀರೆಯ ಸೆರಗಿನ ಮೇಲೆ ಮಲಗುವ ಅಭ್ಯಾಸ ಮಾಡಿಕೊಂಡಿತ್ತು. ಅವಳು ಈಶ್ವರನಿಗೆ ಚಹಾ ಕೊಟ್ಟು ಕಳಿಸಿದಳು.

ಹಾಗಾಗಿ ಆ ಭಾನುವಾರ ಬಸ್ಸು ಕೆಡಲಿಲ್ಲ, ಸೂಜಿ ಮುರಿಯಲಿಲ್ಲ, ಜಗಳವಾಗಲಿಲ್ಲ, ಕನ್ನಡಕ ಒಡೆಯಲಿಲ್ಲ, ಯಾರೂ ಯಾರನ್ನೂ ಕಚ್ಚಲಿಲ್ಲ. ಹೆದ್ದಾರಿಯವರೆಗೆ ಹಗ್ಗ ಹಿಡಿದು ನಡೆದೆ. ಬಂಗಡೆ ನನ್ನಿಂದ ಸಾಕಷ್ಟು ದೂರ ಉಳಿದೇ ಜೊತೆಗೆ ಬಂತು. ಬಾಯಲ್ಲಿ ಅದರ ಮುಂದಿಟ್ಟಿದ್ದ ಗುರುತು. ಬಿಡಿಸಿಕೊಳ್ಳುವ ಧೈರ್ಯ ನನಗಾಗಲಿಲ್ಲ. ಮುಚ್ಚಳವಿಲ್ಲದ ಪೆನ್ನು ಕಿಸೆಯಲ್ಲೇ ಇತ್ತು, ಹೊನ್ನಾವರ ಮುಟ್ಟುವಾಗ ಇಸ್ತ್ರಿ ಅಂಗಿಯ ಮೇಲೆ ಅಂಗೈಯಗಲ ಶಾಯಿ ಹರಡಿತ್ತು.